ಭಯ, ಬೆಲೆ, ಋಣ: ಕೊಡಗಿನ ಆಹಾರೋದ್ಯಮ ಮತ್ತು ಸಂಯಮದ ಪ್ರಶ್ನೆ

ಆಹಾರೋದ್ಯಮದ ಭಾಷೆಯಲ್ಲಿ ಸುಸ್ಥಿರತೆ ಎಂಬ ಮಾತು ಇಂದು ಕಾಫಿಪುಡಿಯ ಪೊಟ್ಟಣದಿಂದ ಹಿಡಿದು ಹೋಟೆಲ್ ನಿರ್ವಹಣೆಯ ಪಠ್ಯಕ್ರಮದವರೆಗೆ ಎಲ್ಲೆಡೆ ಕಾಣಿಸಿಕೊಳ್ಳುತ್ತಿದೆ. 1987ರಲ್ಲಿ ವಿಶ್ವಸಂಸ್ಥೆಯ ಬ್ರುಂಟ್‌ಲಾಂಡ್ ಆಯೋಗ ನೀಡಿದ ವಿವರಣೆಯ ಪ್ರಕಾರ, ಮುಂದಿನ ಪೀಳಿಗೆಗಳು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಸಾಮರ್ಥ್ಯಕ್ಕೆ ಕುಂದು ಬಾರದ ಹಾಗೆ ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಕ್ರಮವೇ ಸುಸ್ಥಿರ ಅಭಿವೃದ್ಧಿ. ಈ ವಿವರಣೆಯ ತಿರುಳು ಸಂಯಮ, ಅಂದರೆ ಕೈಗೆಟಕುವುದನ್ನೆಲ್ಲ ತೆಗೆದುಕೊಳ್ಳದೆ ಒಂದಷ್ಟನ್ನು ಬಿಡುವ ಗುಣ. ಆದರೆ ಇನ್ನೂ ಹುಟ್ಟದವರಿಗಾಗಿ ಇಂದು ಬದುಕಿರುವವನು ತನ್ನ ಕೈಯನ್ನು ಏಕೆ ತಡೆದುಕೊಳ್ಳಬೇಕು ಎಂಬುದಕ್ಕೆ ಆ ವಿವರಣೆಯಲ್ಲಿ ಉತ್ತರವಿಲ್ಲ. ಎಷ್ಟು ಬಿಟ್ಟರೆ ಸಾಕು ಎಂಬುದನ್ನು ಕೃಷಿವಿಜ್ಞಾನ ಹೇಳಬಲ್ಲದು, ಬಿಟ್ಟದ್ದರಿಂದಾಗುವ ನಷ್ಟವನ್ನು ಅರ್ಥಶಾಸ್ತ್ರ ಅಳೆಯಬಲ್ಲದು. ಬಿಡಬೇಕಾದದ್ದು ಏಕೆ ಎಂಬ ಪ್ರಶ್ನೆ ಮಾತ್ರ ಧರ್ಮ ಮತ್ತು ತತ್ತ್ವಶಾಸ್ತ್ರಗಳ ಪಾಲಿಗೆ ಉಳಿಯುತ್ತದೆ.

ಈ ಪ್ರಶ್ನೆಗೆ ಮನುಷ್ಯಸಮಾಜಗಳು ಕೊಟ್ಟ ಉತ್ತರಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು. ಮೀರಿ ನಡೆದರೆ ದೈವವೋ ಸರ್ಕಾರವೋ ದಂಡಿಸುತ್ತದೆ ಎಂಬ ಭಯ ಮೊದಲನೆಯದು. ತಡೆದುಕೊಂಡರೆ ಲಾಭವಿದೆ ಎಂಬ ಬೆಲೆಯ ಲೆಕ್ಕ ಎರಡನೆಯದು. ಉಣ್ಣುವ ಅನ್ನ ಇತರರಿಂದ ಪಡೆದದ್ದಾದ್ದರಿಂದ ಅದನ್ನು ತೀರಿಸಬೇಕು ಎಂಬ ಋಣದ ಅರಿವು ಮೂರನೆಯದು. ಈ ಮೂರೂ ಒಂದೇ ನೆಲದಲ್ಲಿ ಅಕ್ಕಪಕ್ಕದಲ್ಲಿ ಸಿಗುವ ಪ್ರದೇಶ ಕೊಡಗು. 4,102 ಚದರ ಕಿಲೋಮೀಟರಿನ ಈ ಪುಟ್ಟ ಜಿಲ್ಲೆಯಲ್ಲಿ ಭಾರತದ ಕಾಫಿಯ ಸುಮಾರು ಮೂರನೇ ಒಂದು ಭಾಗ ಬೆಳೆಯುತ್ತದೆ. ಇಲ್ಲಿಯೇ ಹುಟ್ಟುವ ಕಾವೇರಿಯ ನೀರು ಎರಡು ರಾಜ್ಯಗಳ ಗದ್ದೆಗಳಿಗೆ ಹರಿಯುತ್ತದೆ. ಸಾವಿರಕ್ಕೂ ಮಿಕ್ಕಿದ ದೇವರಕಾಡುಗಳು ತೋಟಗಳ ನಡುವೆಯೇ ಉಳಿದುಕೊಂಡಿವೆ. ಆದ್ದರಿಂದ ಆಹಾರೋದ್ಯಮದ ಸಂಯಮ ಯಾವ ಬುನಾದಿಯ ಮೇಲೆ ನಿಲ್ಲಬಲ್ಲದು ಎಂಬ ವಿಚಾರವನ್ನು ಕೊಡಗಿನ ನಿದರ್ಶನದಲ್ಲಿಟ್ಟು ಪರೀಕ್ಷಿಸುವುದು ಉಚಿತ.

ಕಾಫಿ ಬರುವ ಮೊದಲು ಕೊಡಗು ಭತ್ತದ ನಾಡಾಗಿತ್ತು, ಅದರ ಧಾರ್ಮಿಕ ವರ್ಷವೂ ಭತ್ತದ ಸುತ್ತಲೇ ಹೆಣೆದುಕೊಂಡಿತ್ತು. ಕಕ್ಕಬ್ಬೆಯ ಸಮೀಪದ ಪಾಡಿಯಲ್ಲಿರುವ ಇಗ್ಗುತ್ತಪ್ಪ ಮಳೆ ಬೆಳೆಗಳ ಒಡೆಯನೆಂದು ನಂಬಲಾದ ದೈವ. ಹೊಸ ಅಕ್ಕಿಯ ಹಬ್ಬವಾದ ಪುತ್ತರಿಯ ಮುಹೂರ್ತ ಇಂದಿಗೂ ಅಲ್ಲಿ ನಿಗದಿಯಾಗುತ್ತದೆ. ಹುಣ್ಣಿಮೆಯ ಆಸುಪಾಸಿನ ಆ ರಾತ್ರಿ ಒಕ್ಕದವರೆಲ್ಲ, ಅಂದರೆ ಒಂದೇ ಮೂಲಪುರುಷನ ಸಂತತಿಯವರೆಲ್ಲ, ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿ, ನಡುಮನೆಯ ದೀಪದ ಮುಂದೆ ಪೂರ್ವಿಕರಾದ ಕಾರಣವರನ್ನು ನೆನೆದು, ಗದ್ದೆಗೆ ಹೋಗಿ ಕದಿರು ಕೊಯ್ದು, ಬೆಳೆ ಹೆಚ್ಚಲೆಂದು ಕೂಗುತ್ತ ಮನೆಗೆ ತರುತ್ತಾರೆ. ಮುಹೂರ್ತಕ್ಕೆ ಮೊದಲು ಹೊಸ ಬೆಳೆಯನ್ನು ಮುಟ್ಟುವಂತಿಲ್ಲ ಎಂಬ ಕಟ್ಟು ಇಲ್ಲಿ ಮುಖ್ಯವಾದದ್ದು, ಏಕೆಂದರೆ ಬೆಳೆದವನೇ ಆದರೂ ಅವನು ಮೊದಲು ಉಣ್ಣುವವನಲ್ಲ, ದೈವ ಮತ್ತು ಹಿರಿಯರ ನಂತರ ಉಣ್ಣುವವನು ಎಂಬ ಸರದಿಯನ್ನು ಆ ಕಟ್ಟು ವರ್ಷಕ್ಕೊಮ್ಮೆ ಮತ್ತೆ ಸ್ಥಾಪಿಸುತ್ತದೆ.

ಈ ಸರದಿಗೆ ನೆಲದ ವ್ಯವಸ್ಥೆಯೂ ಒತ್ತಾಸೆಯಾಗಿತ್ತು. ಅರಸರ ಕಾಲದಿಂದ ಬಂದ ಜಮ್ಮಾ ಹಿಡುವಳಿ ಎಂಬುದು ಸೈನಿಕ ಸೇವೆಯ ಕರ್ತವ್ಯದೊಂದಿಗೆ ಒಕ್ಕಕ್ಕೆ ವಂಶಪಾರಂಪರ್ಯವಾಗಿ ಸಲ್ಲುತ್ತಿದ್ದ ಭೂಮಿ; ಗದ್ದೆಯ ಜೊತೆಗೆ ಅದಕ್ಕೆ ಹೊಂದಿಕೊಂಡಂತೆ ಬಾಣೆ ಎಂಬ ಮರಗಾಡಿನ ಎತ್ತರದ ನೆಲವನ್ನೂ ಬಿಟ್ಟುಕೊಡಲಾಗುತ್ತಿತ್ತು. ಬಾಣೆಯ ಸೊಪ್ಪು ಗದ್ದೆಗೆ ಗೊಬ್ಬರವಾಗಿ, ಹುಲ್ಲು ದನಗಳಿಗೆ ಮೇವಾಗಿ, ಒಣಕಟ್ಟಿಗೆ ಒಲೆಗೆ ಸೌದೆಯಾಗಿ ಒದಗುತ್ತಿತ್ತು. ಗದ್ದೆಯನ್ನು ಉಳುವ ಹಕ್ಕು ಬಾಣೆಯ ಮರಗಳನ್ನು ಉಳಿಸುವ ಅಗತ್ಯದೊಡನೆ ಹೀಗೆ ಬೆಸೆದುಕೊಂಡಿದ್ದುದರಿಂದ, ಕಾಡನ್ನು ಬೋಳಿಸಿದವನ ಗದ್ದೆ ಕೆಲವೇ ವರ್ಷಗಳಲ್ಲಿ ಸೊರಗುತ್ತಿತ್ತು. ಸಂಯಮವನ್ನು ಪ್ರತ್ಯೇಕವಾಗಿ ಬೋಧಿಸಬೇಕಾದ ಅಗತ್ಯ ಅಲ್ಲಿ ಕಡಿಮೆ ಇತ್ತು, ಕೊಟ್ಟು ತೆಗೆದುಕೊಳ್ಳುವ ಸಂಬಂಧ ಕಣ್ಣೆದುರಿಗೇ ಇದ್ದುದರಿಂದ.

ಇಂಥ ಸಂಬಂಧವನ್ನು ಭಾರತೀಯ ಚಿಂತನೆಯ ಒಂದು ಧಾರೆ ಋಣ ಮತ್ತು ಯಜ್ಞ ಎಂಬ ಪರಿಭಾಷೆಯಲ್ಲಿ ವಿವರಿಸಿದೆ. ಹುಟ್ಟಿದ ಮನುಷ್ಯ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಸಾಲಗಾರನಾಗಿಯೇ ಹುಟ್ಟುತ್ತಾನೆ ಎನ್ನುವ ವೈದಿಕ ವಿಚಾರಕ್ಕೆ ಶತಪಥ ಬ್ರಾಹ್ಮಣವು ಸಹಮಾನವರ ಋಣವನ್ನೂ ಸೇರಿಸುತ್ತದೆ. ಅದೇ ಗ್ರಂಥ ಹೇಳುವ ಪಂಚ ಮಹಾಯಜ್ಞಗಳಲ್ಲಿ ಭೂತಯಜ್ಞ ಎಂಬುದು ಸಕಲ ಜೀವಿಗಳಿಗೆ ಪಾಲು ಕೊಡುವ ಕ್ರಿಯೆ, ಮನುಷ್ಯಯಜ್ಞ ಎಂಬುದು ಇತರ ಮನುಷ್ಯರಿಗೆ ಉಣಿಸುವ ಕ್ರಿಯೆ. ಭಗವದ್ಗೀತೆಯ 3ನೆಯ ಅಧ್ಯಾಯವು ಅನ್ನ, ಮಳೆ, ಯಜ್ಞ ಮತ್ತು ಕರ್ಮಗಳನ್ನು ಒಂದು ಚಕ್ರವಾಗಿ ಕಂಡು, ಪಡೆದದ್ದರಲ್ಲಿ ಹಿಂತಿರುಗಿಸದೆ ಉಣ್ಣುವವನನ್ನು ಕಳ್ಳನೆಂದೇ ಕರೆಯುತ್ತದೆ. ವೈದಿಕ ಕರ್ಮಕಾಂಡವನ್ನು ಒಪ್ಪದ ಶರಣರು ಕೂಡ, ದುಡಿದು ಗಳಿಸಿದ್ದನ್ನು ಸಮುದಾಯಕ್ಕೆ ಸಲ್ಲಿಸುವ ದಾಸೋಹವನ್ನು ಕಾಯಕದ ಇನ್ನೊಂದು ಮುಖವನ್ನಾಗಿ ಮಾಡಿದರು. ಕೊಡಗಿನ ಪ್ರಮುಖ ಸಮುದಾಯವಾದ ಕೊಡವರ ಆಚರಣೆಯ ಬೇರು ವೇದಗಳಲ್ಲಿ ಇಲ್ಲ. ಅದು ಪೂರ್ವಿಕರ ಆರಾಧನೆಯಿಂದ ಬೆಳೆದದ್ದು, ಅಲ್ಲಿ ಹಿರಿಯರಿಗೆ ಇಡುವ ಎಡೆಯಲ್ಲಿ ಮಾಂಸ ಮದ್ಯಗಳೂ ಇರುತ್ತವೆ. ಹಾಗಿದ್ದರೂ ಉಣ್ಣುವವನು ಮೊದಲು ಸಾಲಗಾರ, ಆಮೇಲೆ ಒಡೆಯ ಎಂಬ ನಿಲುವಿನಲ್ಲಿ ಈ ಮೂರೂ ಸಂಪ್ರದಾಯಗಳು ಒಂದಾಗುತ್ತವೆ.

ಭಯದ ಉತ್ತರವನ್ನು ಪರೀಕ್ಷಿಸಲು ದೇವರಕಾಡುಗಳಷ್ಟು ತಕ್ಕ ಉದಾಹರಣೆ ಇನ್ನೊಂದಿಲ್ಲ. ದೇವರಕಾಡು ಎಂದರೆ ಊರಿನ ದೈವಕ್ಕೆ ಮೀಸಲಾದ, ಕೊಡಲಿ ತಾಗಬಾರದ ಕಾಡಿನ ತುಣುಕು. ಅಯ್ಯಪ್ಪ, ಭಗವತಿ, ಭದ್ರಕಾಳಿ, ಮಹಾದೇವ, ನಾಗ ಮೊದಲಾದ ದೈವಗಳಿಗೆ ಸಲ್ಲುವ ಇಂಥ 1,214 ಕಾಡುಗಳು ಜಿಲ್ಲೆಯಲ್ಲಿ ದಾಖಲಾಗಿವೆ. ಬೇಟೆಯ ದೈವವಾದ ಅಯ್ಯಪ್ಪನ ಕಾಡುಗಳಲ್ಲಿ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವ ರೂಢಿಯಿದೆ. ಬಿದ್ದ ಕೊಂಬೆಯನ್ನೂ ಒಯ್ಯಬಾರದು, ಒಯ್ದವನ ಮನೆಗೆ ಕೇಡು ತಪ್ಪದು ಎಂಬ ನಂಬಿಕೆ ತಲೆಮಾರುಗಳವರೆಗೆ ಈ ಕಾಡುಗಳನ್ನು ಕಾಯ್ದಿತು. ಆದರೆ 1905ರಲ್ಲಿ 15,506 ಎಕರೆಯಷ್ಟಿದ್ದ ದೇವರಕಾಡುಗಳ ವಿಸ್ತೀರ್ಣ 1985ರ ವೇಳೆಗೆ 6,299 ಎಕರೆಗೆ ಇಳಿದಿತ್ತು. ಈ ಅವಧಿಯಲ್ಲಿ ಅವು ಕಂದಾಯ ಇಲಾಖೆಯ ಅಧೀನದಲ್ಲಿದ್ದವು, ಸುತ್ತಲಿನ ನೆಲದಲ್ಲಿ ಕಾಫಿಯ ಬೆಲೆ ಏರುತ್ತ ಹೋಯಿತು, ಅಂಚುಗಳು ಒತ್ತುವರಿಯಾದವು. ದೈವದ ಪೂಜೆ ನಿಲ್ಲಲಿಲ್ಲ, ಎಷ್ಟೋ ಕಡೆ ಗುಡಿಗಳು ದೊಡ್ಡದಾದವು. ಕಾಡು ಮಾತ್ರ ಕಿರಿದಾಯಿತು. ಭಯವು ದೈವದ ಮೂರ್ತಿಗೆ ಅಂಟಿಕೊಂಡು, ಆ ದೈವ ನೆಲೆಸಿದ್ದ ಮರಗಳಿಂದ ಸಡಿಲವಾಗಬಲ್ಲದು ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ.

ಭಕ್ತಿ ಮತ್ತು ನಡತೆಗಳ ನಡುವಿನ ಇದೇ ಬಿರುಕು ಕಾವೇರಿಯ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿದೆ. ಅಕ್ಟೋಬರಿನ ತುಲಾ ಸಂಕ್ರಮಣದಂದು ತಲಕಾವೇರಿಯ ತೀರ್ಥೋದ್ಭವಕ್ಕೆ ಸಾವಿರಾರು ಭಕ್ತರು ಸೇರುತ್ತಾರೆ. ಕೊಡವರಿಗಂತೂ ಕಾವೇರಿ ಕುಲದೇವತೆ. ಅದಾದ ಕೆಲವು ವಾರಗಳಲ್ಲಿ ಕಾಫಿ ಕೊಯ್ಲು ಆರಂಭವಾಗುತ್ತದೆ, ಅದರ ಬೆನ್ನಿಗೇ ಪಲ್ಪಿಂಗ್ ನಡೆಯುತ್ತದೆ. ಹಣ್ಣಿನ ಸಿಪ್ಪೆ ಸುಲಿದು, ಬೀಜದ ಮೇಲಿನ ಲೋಳೆಯನ್ನು ಕೊಳೆಸಿ ತೊಳೆಯುವ ಈ ಕ್ರಮಕ್ಕೆ ಅಪಾರ ನೀರು ಬೇಕು. ತೊಳೆದ ನೀರಿನಲ್ಲಿ ಸೇರುವ ಸಕ್ಕರೆ ಮತ್ತು ಆಮ್ಲಗಳು ಸಂಸ್ಕರಣೆಯಿಲ್ಲದೆ ತೋಡಿಗೆ ಬಿದ್ದರೆ ನೀರಿನ ಆಮ್ಲಜನಕವನ್ನು ಹೀರಿ ಜಲಜೀವಿಗಳನ್ನು ಕೊಲ್ಲುತ್ತವೆ. ಆ ತೋಡುಗಳೆಲ್ಲ ಕೊನೆಗೆ ಸೇರುವುದು ತೀರ್ಥವೆಂದು ಪೂಜಿಸಿದ ನದಿಯನ್ನೇ. ಪೂಜೆ ಒಂದು ಸ್ಥಳಕ್ಕೆ, ಒಂದು ಮುಹೂರ್ತಕ್ಕೆ ಸೀಮಿತವಾದಾಗ ಉಳಿದ ಸ್ಥಳ ಮತ್ತು ಉಳಿದ ದಿನಗಳು ಧರ್ಮದ ಹೊರಗೆ ಉಳಿಯುತ್ತವೆ. ಭಯದ ಉತ್ತರಕ್ಕಿರುವ ಮೂಲಭೂತ ಮಿತಿ ಇದು.

ಬೆಲೆಯ ಉತ್ತರ ಕೊಡಗಿಗೆ ಕಾಫಿಯೊಂದಿಗೆ ಬಂತು. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡ ಮೇಲೆ, 1854ರಲ್ಲಿ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ಆರಂಭವಾಯಿತು. ಕ್ರಮೇಣ ಗದ್ದೆಗೆ ಸೊಪ್ಪು ಕೊಡುತ್ತಿದ್ದ ಬಾಣೆಗಳೂ ಕಾಫಿ ತೋಟಗಳಾದವು. ಆದರೂ ಇಲ್ಲಿನ ಕಾಫಿ ಬಯಲಿನ ಬೆಳೆಯಾಗದೆ ಹಲಸು, ಬೀಟೆ, ಹೊನ್ನೆ, ಅತ್ತಿ ಮೊದಲಾದ ಕಾಡುಮರಗಳ ನೆರಳಿನಲ್ಲಿ ಉಳಿದದ್ದು ಕೊಡಗಿನ ಹೆಗ್ಗಳಿಕೆ. ಈ ಹೆಗ್ಗಳಿಕೆ ಈಚಿನ ದಶಕಗಳಲ್ಲಿ ಮಾರಾಟದ ಸರಕಾಯಿತು. ಅದುವರೆಗೆ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಸಾಮೂಹಿಕ ಮಾರಾಟ ವ್ಯವಸ್ಥೆಗೆ ಒಪ್ಪಿಸಬೇಕಾಗಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡ ಆ ವ್ಯವಸ್ಥೆ 1996ರ ವೇಳೆಗೆ ಸಂಪೂರ್ಣ ಮುಕ್ತ ಮಾರಾಟಕ್ಕೆ ಎಡೆಮಾಡಿತು. ಯಾವ ತೋಟದ್ದೆಂದು ತಿಳಿಯದೆ ಒಂದೇ ರಾಶಿಗೆ ಸೇರುತ್ತಿದ್ದ ಬೀಜಕ್ಕೆ ಆಗ ಹೆಸರು, ಊರು, ಕಥೆಗಳು ಬೇಕಾದವು. ರೇನ್‌ಫಾರೆಸ್ಟ್ ಅಲೈಯನ್ಸ್, ಫೇರ್‌ಟ್ರೇಡ್, ಸಾವಯವ ಮೊದಲಾದ ಪ್ರಮಾಣಪತ್ರಗಳು, ಅಂದರೆ ನಿಗದಿತ ಪರಿಸರ ಮತ್ತು ಕಾರ್ಮಿಕ ನಿಯಮಗಳನ್ನು ಪಾಲಿಸಿದ ತೋಟಕ್ಕೆ ಹೊರಗಿನ ಸಂಸ್ಥೆ ನೀಡುವ ದೃಢೀಕರಣಗಳು, ಈ ಅಗತ್ಯವನ್ನು ಪೂರೈಸುವ ಸಾಧನಗಳಾಗಿ ಬಂದವು.

ಈ ಸಾಧನಗಳ ಉಪಯೋಗವನ್ನು ಅಲ್ಲಗಳೆಯಲಾಗದು. ಪಲ್ಪಿಂಗ್ ನೀರಿಗೆ ಗುಂಡಿ ತೋಡಿದ್ದು, ಕೀಟನಾಶಕದ ಡಬ್ಬಿಗಳನ್ನು ಬೀಗದೊಳಗೆ ಇಟ್ಟದ್ದು, ಕೆಲಸಗಾರರ ವೇತನವನ್ನು ಪುಸ್ತಕಕ್ಕೆ ಏರಿಸಿದ್ದು ಎಷ್ಟೋ ತೋಟಗಳಲ್ಲಿ ತಪಾಸಣೆಯ ಫಲ. ಆದರೆ ಇಲ್ಲಿನ ಸಂಯಮ ಷರತ್ತಿನ ಸಂಯಮ. ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಒಂದು ಫಲವನ್ನು ಬಯಸಿದಾಗ ಮಾತ್ರ ಅನ್ವಯಿಸುವ ಆದೇಶವನ್ನೂ ಫಲದ ಹಂಗಿಲ್ಲದೆ ಕರ್ತವ್ಯವಾಗಿಯೇ ಅನ್ವಯಿಸುವ ಆದೇಶವನ್ನೂ ಬೇರ್ಪಡಿಸಿದ. ಪ್ರೀಮಿಯಂ, ಅಂದರೆ ಪ್ರಮಾಣೀಕೃತ ಕಾಫಿಗೆ ಸಿಗುವ ಹೆಚ್ಚುವರಿ ದರ, ಹೊರಡಿಸುವುದು ಮೊದಲ ಬಗೆಯ ಆದೇಶವನ್ನು. 2024ರಲ್ಲಿ ರೊಬಸ್ಟಾ ಕಾಫಿಯ ದರ ದಾಖಲೆಯ ಮಟ್ಟಕ್ಕೇರಿದಂಥ ಸಂದರ್ಭದಲ್ಲಿ ನೆರಳು ತೆಗೆದು ಇಳುವರಿ ಹೆಚ್ಚಿಸುವ ಲಾಭವು ನೆರಳು ಉಳಿಸಿದ್ದಕ್ಕೆ ಸಿಗುವ ಪ್ರೀಮಿಯಂ ಅನ್ನು ಮೀರಿಸಿದರೆ, ಅದೇ ಲೆಕ್ಕ ಮರ ಕಡಿಯಲು ಹೇಳುತ್ತದೆ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಕೊಡಗಿನ ತೋಟಗಳಲ್ಲಿ ಹಬ್ಬಿದ್ದು ಇಂಥ ಲೆಕ್ಕದಿಂದಲೇ: ಬೇಗ ಬೆಳೆಯುತ್ತದೆ, ನೇರವಾದ ಕಾಂಡಕ್ಕೆ ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿದು ಮಾರುವುದು ಸುಲಭ, ಕಾಡುಮರಗಳ ಮೇಲಾದರೋ ಅನೇಕ ಹಿಡುವಳಿಗಳಲ್ಲಿ ಬೆಳೆಗಾರನಿಗೆ ಪೂರ್ಣ ಹಕ್ಕೇ ಇಲ್ಲ. ಹೀಗೆ ಕಾನೂನು ಮತ್ತು ಮಾರುಕಟ್ಟೆ ಎರಡೂ ಸೇರಿ, ನಾಡಿನ ಮರವನ್ನು ಉಳಿಸಿದವನಿಗಿಂತ ಬದಲಿಸಿದವನಿಗೆ ಅನುಕೂಲ ಮಾಡಿಕೊಟ್ಟವು.

ಪ್ರಮಾಣಪತ್ರಗಳ ಲೋಕದಲ್ಲಿ ಇನ್ನೊಂದು ಅಸಮತೆಯೂ ಇದೆ. ಭಾರತದ ಕಾಫಿ ಹಿಡುವಳಿಗಳಲ್ಲಿ ಶೇಕಡಾ 98ರಷ್ಟು 10 ಹೆಕ್ಟೇರಿಗಿಂತ ಚಿಕ್ಕವು. ದಾಖಲೆ ಇಡುವ, ತಪಾಸಣೆಯ ಶುಲ್ಕ ಕಟ್ಟುವ ಶಕ್ತಿ ದೊಡ್ಡ ತೋಟಗಳಿಗೆ ಇರುವಂತೆ ಈ ಸಣ್ಣ ಬೆಳೆಗಾರರಿಗೆ ಇರುವುದಿಲ್ಲವಾದ್ದರಿಂದ, ಮನೆಯ ಹಿಂದಿನ ಎರಡು ಎಕರೆಯಲ್ಲಿ ಕಿತ್ತಳೆ, ಮೆಣಸು, ಹಲಸುಗಳ ನಡುವೆ ಕಾಫಿ ಬೆಳೆಯುವವನ ಸುಸ್ಥಿರತೆ ಕಾಗದದಲ್ಲಿ ಎಲ್ಲಿಯೂ ಕಾಣಿಸದು. ಐರೋಪ್ಯ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ನಿಯಮವೊಂದು, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಗೆ ತನ್ನ ಮಾರುಕಟ್ಟೆಯ ಬಾಗಿಲು ಮುಚ್ಚುತ್ತದೆ ಮತ್ತು ಪ್ರತಿಯೊಂದು ತೋಟದ ಸ್ಥಳಸೂಚಿಯನ್ನು ಕೇಳುತ್ತದೆ. ಅದರ ಜಾರಿ ಮುಂದೂಡಲ್ಪಟ್ಟಿದ್ದರೂ, ಒಳ್ಳೆಯ ಬೇಸಾಯಕ್ಕಿಂತ ಒಳ್ಳೆಯ ದಾಖಲೆಯೇ ಮಾರುಕಟ್ಟೆಯ ಅರ್ಹತೆಯಾಗುವ ದಿಕ್ಕನ್ನು ಅದು ಸೂಚಿಸುತ್ತದೆ.

ಮಾರುಕಟ್ಟೆಯ ಪ್ರಶ್ನೆ ಇಲ್ಲಿಗೆ ಸತ್ಯದ ಪ್ರಶ್ನೆಯಾಗುತ್ತದೆ. ಭೌಗೋಳಿಕ ಸೂಚಕ ಎಂಬುದು ಒಂದು ಪ್ರದೇಶದ ಮಣ್ಣು, ಹವೆ, ಕೌಶಲಗಳಿಂದ ವಿಶಿಷ್ಟ ಗುಣ ಪಡೆದ ಸರಕಿನ ಹೆಸರನ್ನು ಆ ಪ್ರದೇಶದವರಿಗೆ ಕಾದಿರಿಸುವ ಕಾನೂನಿನ ರಕ್ಷಣೆ. ಕೊಡಗಿನ ಕಿತ್ತಳೆ, ಹಸಿರು ಏಲಕ್ಕಿ ಮತ್ತು 2019ರಲ್ಲಿ ಕೂರ್ಗ್ ಅರೇಬಿಕಾ ಕಾಫಿ ಈ ರಕ್ಷಣೆ ಪಡೆದಿವೆ. ಆದರೆ ಕಿತ್ತಳೆಗೆ ಅದು ದೊರೆಯುವ ಹೊತ್ತಿಗೆ ರೋಗಗಳಿಂದಾಗಿ ಕೊಡಗಿನ ತೋಟಗಳಲ್ಲಿ ಕಿತ್ತಳೆ ಮರಗಳೇ ವಿರಳವಾಗಿದ್ದವು. ಹೆಸರು ರಕ್ಷಿತವಾಯಿತು, ಹೆಸರಿಟ್ಟುಕೊಂಡ ಹಣ್ಣು ಕೈತಪ್ಪಿತ್ತು. ಜೇನಿನದೂ ಇಂಥದೇ ಕಥೆ: 1936ರಷ್ಟು ಹಿಂದೆಯೇ ವಿರಾಜಪೇಟೆಯಲ್ಲಿ ಸಹಕಾರ ಸಂಘ ಕಟ್ಟಿ ನಾಡಿನಾದ್ಯಂತ ಹೆಸರಾದ ಕೊಡಗಿನ ಜೇನು ಸಾಕಣೆಗೆ 1990ರ ದಶಕದ ಆರಂಭದಲ್ಲಿ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಭಾರಿ ಪೆಟ್ಟು ಕೊಟ್ಟಿತು, ಆದರೆ ಮಾರುಕಟ್ಟೆಯಲ್ಲಿ ಕೊಡಗಿನ ಜೇನಿನ ಬೇಡಿಕೆ ಕುಗ್ಗಲಿಲ್ಲ. 2017ರಲ್ಲಿ ಗೋಣಿಕೊಪ್ಪಲಿನ ಕೃಷಿ ಮಾರುಕಟ್ಟೆಯಲ್ಲಿ ಅಗ್ಗದ ವಿಯೆಟ್ನಾಂ ಕರಿಮೆಣಸು ಸ್ಥಳೀಯ ಮೆಣಸಿನೊಡನೆ ಸೇರುತ್ತಿದೆ ಎಂಬ ಆರೋಪ ಬೆಳೆಗಾರರನ್ನು ಬೀದಿಗಿಳಿಸಿತು. ನೆಲದ ಹೆಸರು ನೆಲದಿಂದ ಬಿಡಿಸಿಕೊಂಡು ತಾನೇ ಒಂದು ಸರಕಾಗಿ ಮಾರಾಟವಾದಾಗ, ಕೊಳ್ಳುವವನಿಗಷ್ಟೇ ಅಲ್ಲದೆ ಆ ಹೆಸರನ್ನು ಗಳಿಸಿಕೊಟ್ಟ ಹಿಂದಿನ ತಲೆಮಾರುಗಳಿಗೂ ಮೋಸವಾಗುತ್ತದೆ.

ಕಾನೂನು ಈ ಮೋಸಕ್ಕೆ ಒಂದು ಮಟ್ಟದವರೆಗೆ ತಡೆ ಹಾಕಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ದಾರಿತಪ್ಪಿಸುವ ಆಹಾರ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಲ್ಲದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು, ಪುರಾವೆಯಿಲ್ಲದೆ ಪರಿಸರಸ್ನೇಹಿ, ಹಸಿರು, ಸುಸ್ಥಿರ ಎಂದು ಹೇಳಿಕೊಳ್ಳುವುದನ್ನು, ಅಂದರೆ ಗ್ರೀನ್‌ವಾಷಿಂಗ್ ಎಂದು ಕರೆಯಲಾಗುವ ಹಸಿರು ಮುಖವಾಡವನ್ನು, ನಿಷೇಧಿಸುತ್ತದೆ. ಆದರೆ ಕಾನೂನು ಹೆಚ್ಚಾಗಿ ತಡೆಯಬಲ್ಲದ್ದು ಆಡಿದ ಸುಳ್ಳನ್ನು; ಆಡದೆ ಬಿಟ್ಟ ಸತ್ಯವೆಲ್ಲ ಅದರ ಕೈಗೆ ಸಿಗುವುದಿಲ್ಲ. ನೆರಳಿನ ಮರ, ಹಕ್ಕಿ, ಮಂಜು ಮುಸುಕಿದ ಬೆಟ್ಟಗಳ ಚಿತ್ರವಿರುವ ಪೊಟ್ಟಣದಲ್ಲಿ ಒಂದು ಅಕ್ಷರವೂ ಸುಳ್ಳಿರದೆ, ಆ ಹಣ್ಣನ್ನು ಕೊಯ್ದವರ ಲೈನ್‌ಮನೆ, ಅಂದರೆ ತೋಟದ ಕೆಲಸಗಾರರ ಸಾಲುಮನೆ, ಹೇಗಿದೆ ಎಂಬುದೂ ಇಲ್ಲದಿರಬಹುದು.

ಕೊಯ್ದವರ ಪ್ರಶ್ನೆ ಋಣದ ವಿಚಾರಕ್ಕೂ ಕಠಿಣ ಪರೀಕ್ಷೆಯೇ. ಯರವರು ಮತ್ತು ಕುರುಬರು ಕೊಡಗಿನ ಕಾಡು ಗದ್ದೆಗಳನ್ನು ಬಲ್ಲ ಅತ್ಯಂತ ಹಳೆಯ ಜನಗಳಲ್ಲಿ ಸೇರಿದವರು. ಯರವರು ಗದ್ದೆಯ ಒಡೆಯರಿಗೆ ಜೀತದಾಳುಗಳಾಗಿ ದುಡಿದ ಕಾಲದಲ್ಲಿಯೂ ಪುತ್ತರಿಯ ಕದಿರು ಐನ್‌ಮನೆಗೆ ತಪ್ಪದೆ ಬರುತ್ತಿತ್ತು, ದೈವ ಮತ್ತು ಹಿರಿಯರ ಎಡೆ ತಪ್ಪದೆ ಸಲ್ಲುತ್ತಿತ್ತು. ನಾಟಿ ಮಾಡಿದ ಕೈಗಳ ಋಣ ಮಾತ್ರ ಆ ಲೆಕ್ಕದಲ್ಲಿ ಕೊನೆಯದಾಗಿತ್ತು. 1976ರ ಜೀತ ಪದ್ಧತಿ ರದ್ದತಿ ಕಾಯಿದೆ ಬಂದ ನಂತರವೂ ಸ್ವಂತ ನೆಲ ಮತ್ತು ಸೂರು ಎಲ್ಲರಿಗೂ ದಕ್ಕಲಿಲ್ಲವೆಂಬುದಕ್ಕೆ, 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ತೆರವುಗೊಳಿಸಿದ್ದು ಮತ್ತು ಅದರ ವಿರುದ್ಧ ನಡೆದ ಹೋರಾಟ ಸಾಕ್ಷಿ. ಆದ್ದರಿಂದ ಹಳೆಯ ಆಚರಣೆಗಳನ್ನು ಹಾಗೆಯೇ ಎತ್ತಿ ಇಂದಿನ ಆಹಾರೋದ್ಯಮಕ್ಕೆ ಆದರ್ಶವಾಗಿ ಮುಂದಿಡುವುದು ಅಪ್ರಾಮಾಣಿಕ. ಪಂಚಯಜ್ಞಗಳಲ್ಲಿ ದೇವಯಜ್ಞ ಪಿತೃಯಜ್ಞಗಳನ್ನು ಅದ್ದೂರಿಯಾಗಿ ನಡೆಸಿ ಮನುಷ್ಯಯಜ್ಞವನ್ನು ಮರೆತ ಸಮಾಜದ ಋಣ ತೀರಿದೆಯೆಂದು ಶಾಸ್ತ್ರದ ಪ್ರಕಾರವೂ ಹೇಳಲಾಗದು.

ಈ ಮರೆವನ್ನು ಎತ್ತಿ ತೋರಿಸುವ ಸಾಧನ ಕೂಡ ಕೊಡಗಿನ ಧಾರ್ಮಿಕ ಬದುಕಿನಲ್ಲಿಯೇ ಇದೆ. ಮೇ ತಿಂಗಳಲ್ಲಿ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ತೋಟದಲ್ಲಿ ದುಡಿಯುವ ಆದಿವಾಸಿಗಳು ಚಿತ್ರವಿಚಿತ್ರ ವೇಷ ಧರಿಸಿ, ಎದುರಾದವರನ್ನೂ ತಮ್ಮ ದೈವವನ್ನೂ ಬಾಯ್ತುಂಬ ಬೈಯುತ್ತಾರೆ. ಬೇಟೆಗೆಂದು ತಮ್ಮ ಹಿರಿಯರನ್ನು ಕಾಡಿಗೆ ಕರೆದೊಯ್ದ ಅಯ್ಯಪ್ಪ, ಭದ್ರಕಾಳಿಯನ್ನು ಕಂಡು ಮೋಹಗೊಂಡು ಅವಳೊಡನೆ ಹೊರಟುಹೋಗಿ ತಮ್ಮವರನ್ನು ನಡುಕಾಡಿನಲ್ಲಿ ಕೈಬಿಟ್ಟನೆಂಬುದು ಈ ಬೈಗುಳಕ್ಕೆ ಅವರು ಕೊಡುವ ಕಾರಣ. ಹೊರಗಿನವರಿಗೆ ಇದು ಮೋಜಿನ ಹಬ್ಬವಾಗಿ ಕಂಡರೂ, ತಾತ್ತ್ವಿಕವಾಗಿ ಇದರ ಅರ್ಥ ಗಂಭೀರವಾದದ್ದು: ಜೊತೆಗೆ ಕರೆದುಕೊಂಡು ಹೋದವನು ದೈವವೇ ಆದರೂ ಕೈಬಿಟ್ಟರೆ ಉತ್ತರ ಕೊಡಬೇಕು, ಕೇಳುವ ಹಕ್ಕು ಕೈಬಿಡಲ್ಪಟ್ಟವನಿಗಿದೆ. ಪ್ರಮಾಣಪತ್ರದ ತಪಾಸಣೆಯಲ್ಲಿ ಪ್ರಶ್ನಿಸುವವನು ಹೊರಗಿನಿಂದ ಬಂದ ಅಧಿಕಾರಿ, ಉತ್ತರಿಸುವವನು ತೋಟದ ಒಡೆಯ. ದುಡಿಯುವವನು ಹೆಚ್ಚೆಂದರೆ ಸಾಕ್ಷಿ. ಸಾಲ ಕೊಟ್ಟವನಿಗೇ ಪ್ರಶ್ನಿಸುವ ಅಧಿಕಾರವಿರುವ ವ್ಯವಸ್ಥೆಯನ್ನು ಕಲ್ಪಿಸಿಕೊಳ್ಳುವುದರಲ್ಲಿ ಕುಂಡೆ ಹಬ್ಬವು ಆಧುನಿಕ ತಪಾಸಣೆಗಿಂತ ಮುಂದಿದೆ.

ಧರ್ಮದ ಭಾಷೆಯನ್ನು ಉದ್ಯಮಕ್ಕೆ ತರುವುದರ ಬಗ್ಗೆ ಎರಡು ಆಕ್ಷೇಪಗಳು ಸಹಜ. ಕೊಡಗು ಒಂದೇ ಧರ್ಮದ ನಾಡಲ್ಲ, ಆದ್ದರಿಂದ ಋಣದಂಥ ವಿಚಾರ ಎಲ್ಲರದೂ ಆಗಲಾರದು ಎಂಬುದು ಮೊದಲನೆಯದು. ಆದರೆ ತನ್ನ ಬಳಿ ಇರುವುದು ಒಪ್ಪಿಸಿಕೊಂಡದ್ದು, ಮರಳಿ ಲೆಕ್ಕ ಕೊಡಬೇಕಾದದ್ದು ಎಂಬ ಭಾವ ಇಸ್ಲಾಮಿನ ಅಮಾನತ್ತಿನಲ್ಲಿಯೂ, ಕ್ರೈಸ್ತರು ಹೇಳುವ ಮೇಲ್ವಿಚಾರಕನ ಹೊಣೆಯಲ್ಲಿಯೂ ಇದೆ. ಕುಶಾಲನಗರದ ಎದುರಿಗೇ ಇರುವ ಬೈಲುಕುಪ್ಪೆಯ ಟಿಬೆಟನ್ ವಸತಿಗಳಲ್ಲಿ ಬೋಧಿಸುವ ಬೌದ್ಧಧರ್ಮದ ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ಆಜೀವ, ಅಂದರೆ ಇತರರಿಗೆ ಹಾನಿ ಮಾಡದ ಜೀವನೋಪಾಯ, ಒಂದು ಅಂಗವೇ ಆಗಿದೆ. ಬೌದ್ಧರು ಮಾಂಸ ಮದ್ಯಗಳ ವ್ಯಾಪಾರವನ್ನು ಬಿಡಬೇಕೆಂದರೆ ಕೊಡವರು ಅವನ್ನೇ ಹಿರಿಯರಿಗೆ ಎಡೆಯಿಡುತ್ತಾರೆ. ಯಾವುದನ್ನು ಉಣ್ಣಬೇಕೆಂಬಲ್ಲಿ ಸಂಪ್ರದಾಯಗಳು ಬೇರೆಯಾದರೂ, ಉಂಡವನು ಹೊಣೆಗಾರ ಎಂಬಲ್ಲಿ ಬೇರೆಯಾಗುವುದಿಲ್ಲ. ಪವಿತ್ರವೆಂಬ ಭಾವವನ್ನೇ ಮಾರುಕಟ್ಟೆ ಜಾಹೀರಾತು ಮಾಡಿಕೊಳ್ಳುತ್ತದೆ ಎಂಬ ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ಕಕ್ಕಡ ಮಾಸದ 18ನೆಯ ದಿನ, ಆಗಸ್ಟ್ ಆರಂಭದ ಮಳೆಯಲ್ಲಿ ಕಾಡಂಚಿನಿಂದ ತಂದು ಪಾಯಸ ಮಾಡುವ ಮದ್ದುಸೊಪ್ಪು, ಹಂದಿ ಕರಿಗೆ ಹುಳಿ ಕೊಡುವ ಕಾಚಂಪುಳಿ, ಮಳೆಗಾಲದ ಕಣಿಲೆ ಎಂಬ ಎಳೆಬಿದಿರು ಮತ್ತು ಅಣಬೆಗಳು ಇಂದು ಹೋಂಸ್ಟೇ ಮತ್ತು ರೆಸಾರ್ಟುಗಳ ಆಕರ್ಷಣೆಗಳಾಗಿವೆ. ಅವು ಋತುವಿಗೆ ಬದ್ಧವಾಗಿದ್ದಷ್ಟು ಕಾಲ ಸಂಯಮ ಆ ಊಟದೊಳಗೇ ಅಡಗಿತ್ತು. ವರ್ಷವಿಡೀ ಬೇಡುವ ಪ್ರವಾಸಿಗನಿಗೆ ಒದಗಿಸಹೊರಟಾಗ ತಿನಿಸು ಉಳಿದು ಸಂಯಮ ಹೋಗುತ್ತದೆ. ಆದ್ದರಿಂದ ಧರ್ಮದಿಂದ ಪಡೆಯಬೇಕಾದದ್ದು ಅದರ ಚಿತ್ರಗಳನ್ನಲ್ಲ, ಅದು ಹಾಕಿದ್ದ ಮಿತಿಗಳನ್ನು.

ವೃತ್ತಿಶಿಕ್ಷಣದ ಹೊಣೆ ಬರುವುದು ಇಲ್ಲಿಯೇ. ಕೊಡಗು ಮತ್ತು ಅದರ ಸುತ್ತಮುತ್ತ ಆಹಾರಕ್ಕೆ ಸಂಬಂಧಿಸಿದ ವಿದ್ಯೆಗೆ ಕೊರತೆಯಿಲ್ಲ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಮತ್ತು ತೋಟಗಾರಿಕಾ ಪ್ರಯೋಗ ಕೇಂದ್ರ, ಅಪ್ಪಂಗಳದಲ್ಲಿ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರ, ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯ, ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಇವೆ. ಕಾಫಿ ಮಂಡಳಿ ಕಾಫಿ ಗುಣಮಟ್ಟ ನಿರ್ವಹಣೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ನೀಡುತ್ತದೆ. ಈ ವಿದ್ಯೆಗಳು ಬೆಳೆಯನ್ನು, ರೋಗವನ್ನು, ರುಚಿಯನ್ನು ಅಳೆಯುವುದರಲ್ಲಿ ಬಹುದೂರ ಸಾಗಿವೆ. ಕಪ್ಪಿಂಗ್ ಎಂಬ ರುಚಿಪರೀಕ್ಷೆಯಲ್ಲಿ ಪರಿಮಳ, ಆಮ್ಲತೆ, ಸಾಂದ್ರತೆ ಮೊದಲಾದ ಗುಣಗಳಿಗೆ ಅಂಕ ಕೊಟ್ಟು, 100ಕ್ಕೆ 80 ಮತ್ತು ಮೇಲ್ಪಟ್ಟು ಪಡೆದ ಕಾಫಿಯನ್ನು ವಿಶೇಷ ದರ್ಜೆಯದೆಂದು ಗುರುತಿಸುವ ಪದ್ಧತಿ ಇದಕ್ಕೆ ನಿದರ್ಶನ. ಆದರೆ 87 ಅಂಕ ಪಡೆದ ಕಾಫಿಯನ್ನು ತೊಳೆದ ನೀರು ಎಲ್ಲಿಗೆ ಹರಿಯಿತು, ಅದನ್ನು ಕೊಯ್ದವರಿಗೆ ದಿನಗೂಲಿ ಎಷ್ಟು ಸಿಕ್ಕಿತು ಎಂಬುದು ಆ ಅಂಕದೊಳಗೆ ಬರುವುದಿಲ್ಲ. ಸರಕಿನ ಗುಣವನ್ನು ಸರಕಿನ ಇತಿಹಾಸದಿಂದ ಬೇರ್ಪಡಿಸಿ ನೋಡುವುದೇ ಪರಿಣತಿ ಎಂದು ಕಲಿತ ಪದವೀಧರನಿಗೆ, ಮುಂದೆ ಉದ್ಯೋಗದಲ್ಲಿ ಸುಸ್ಥಿರತೆ ಎಂಬುದು ಮಾರಾಟ ವಿಭಾಗದ ಇನ್ನೊಂದು ಶೀರ್ಷಿಕೆಯಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ನೀತಿಶಾಸ್ತ್ರದ ಒಂದು ಹೆಚ್ಚುವರಿ ಪಾಠವನ್ನು ಸೇರಿಸಿದರೆ ಸಾಲದು, ಏಕೆಂದರೆ ಪರೀಕ್ಷೆಗಾಗಿ ಓದಿದ ನೀತಿ ಪರೀಕ್ಷೆಯೊಂದಿಗೆ ಮುಗಿಯುತ್ತದೆ. ಆಹಾರ ತಂತ್ರಜ್ಞಾನ, ಹೋಟೆಲ್ ನಿರ್ವಹಣೆ, ಮಾರುಕಟ್ಟೆ ನಿರ್ವಹಣೆ ಓದುವ ವಿದ್ಯಾರ್ಥಿಯು ಒಂದು ಸರಕನ್ನು ಆಯ್ದುಕೊಂಡು, ಅದು ಯಾರ ಯಾರ ಋಣದಿಂದ ತಟ್ಟೆಗೆ ಬಂತೆಂದು ಲೆಕ್ಕ ಬರೆಯುವುದನ್ನು ಕಲಿಯಬೇಕು: ಯಾವ ತೋಡಿನ ನೀರು, ಯಾವ ಮರದ ನೆರಳು, ಯಾವ ಊರಿನ ಕೆಲಸಗಾರರು, ಹಿಂದೆ ಆ ನೆಲದಲ್ಲಿ ಏನಿತ್ತು, ಪಡೆದದ್ದರಲ್ಲಿ ಎಷ್ಟು ಹಿಂತಿರುಗಿತು. ಪೊನ್ನಂಪೇಟೆಯ ಅರಣ್ಯ ವಿದ್ಯಾರ್ಥಿ ದೇವರಕಾಡಿನ ಮರಗಳನ್ನು ಎಣಿಸುವಾಗ ಅದನ್ನು ಕಾಯ್ದ ನಂಬಿಕೆಯನ್ನೂ ಅದು ಕುಗ್ಗಿದ ಕಾರಣಗಳನ್ನೂ ಓದಬೇಕು. ಹೋಟೆಲ್ ನಿರ್ವಹಣೆಯ ವಿದ್ಯಾರ್ಥಿ ಕಣಿಲೆಯ ಪಾಕವನ್ನು ಕಲಿಯುವಾಗ ಅದನ್ನು ಯಾವ ತಿಂಗಳಲ್ಲಿ ಬಡಿಸಬಾರದು ಎಂಬುದನ್ನೂ ಕಲಿಯಬೇಕು. ಜಾಹೀರಾತು ಬರೆಯಲು ಕಲಿಯುವವನು ಬರೆದ ವಾಕ್ಯವನ್ನು ಆ ಹಣ್ಣು ಕೊಯ್ದವರ ಮುಂದೆ ಓದಿ, ಅವರ ಆಕ್ಷೇಪಕ್ಕೆ ಉತ್ತರ ಕೊಟ್ಟ ಮೇಲೆಯೇ ಅಂಕ ಪಡೆಯಬೇಕು. ಇಂಥ ಶಿಕ್ಷಣದಲ್ಲಿ ಯಾವ ದೈವದ ಮೇಲೂ ನಂಬಿಕೆಯನ್ನು ಹೇರಬೇಕಾಗಿಲ್ಲ. ಪಡೆದದ್ದನ್ನು ಪಡೆದದ್ದೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಸಾಕು.

ಭಯ, ಬೆಲೆ, ಋಣ ಎಂಬ ಮೂರರಲ್ಲಿ ಒಂದನ್ನು ಮಾತ್ರ ಆಯ್ದುಕೊಳ್ಳುವ ಅಗತ್ಯವೂ ಇಲ್ಲ. ಕಾನೂನಿನ ಭಯ ಇಲ್ಲದಿದ್ದರೆ ಪಲ್ಪಿಂಗ್ ನೀರು ತೋಡಿಗೇ ಹರಿಯುತ್ತದೆ. ನ್ಯಾಯವಾದ ಬೆಲೆ ಇಲ್ಲದಿದ್ದರೆ ಸಣ್ಣ ಬೆಳೆಗಾರನು ನೆರಳಿನ ಮರವನ್ನಾಗಲಿ ಗದ್ದೆಯನ್ನಾಗಲಿ ಉಳಿಸಿಕೊಳ್ಳಲಾರ. ಆದರೆ ನೋಡುವವರಿಲ್ಲದ ಕಡೆ ಭಯ ಸೋಲುತ್ತದೆ, ದರ ಬದಲಾದ ದಿನ ಬೆಲೆ ಸೋಲುತ್ತದೆ. ಇವೆರಡೂ ಸೋತ ಕಡೆಯಲ್ಲಿಯೂ ಕೈಯನ್ನು ತಡೆದು ಹಿಡಿಯಬಲ್ಲದ್ದು ಋಣದ ಅರಿವು ಮಾತ್ರ, ಅದೂ ದೈವ ಮತ್ತು ಹಿರಿಯರ ಸಾಲಿನಲ್ಲಿ ದುಡಿದವರನ್ನೂ ಸಮನಾಗಿ ಕೂರಿಸಿದಾಗ ಮಾತ್ರ. ಕೊಡಗಿನ ಸಂಶೋಧನಾ ಕೇಂದ್ರಗಳು, ಕಾಲೇಜುಗಳು, ಬೆಳೆಗಾರರ ಸಂಘಗಳು ಮತ್ತು ಹೋಂಸ್ಟೇ ನಡೆಸುವವರು ಈ ಲೆಕ್ಕವನ್ನು ತಮ್ಮ ವೃತ್ತಿಯ ಭಾಗವಾಗಿ ಇಡಲು ಆರಂಭಿಸಬೇಕು. ಆ ಲೆಕ್ಕವನ್ನು ದುಡಿದವರು ಓದಿ ಒಪ್ಪುವವರೆಗೆ ಸುಸ್ಥಿರ ಎಂಬ ಮಾತನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸುವ ಹಕ್ಕು ಯಾವ ಉದ್ಯಮಕ್ಕೂ ಇಲ್ಲ.